ರಾಟೆಯ ಮೇಲಿನ ಹೆಸರು

ಒಂದು ಯಂತ್ರ ಆಕಾಶದಿಂದ ಬೀಳಲಿ ಎಂದು ನಾನು ಎರಡು ದಿನ ಕಾದಿದ್ದೆ. ಬಿತ್ತು. ಅದನ್ನು ಬರೆಯುವ ಈ ಹೊತ್ತಿಗೂ ನನಗೆ ಪಶ್ಚಾತ್ತಾಪವೇನೂ ಆಗುತ್ತಿಲ್ಲ. ಆಗಬೇಕಿತ್ತು ಎಂದು ನನ್ನ ಗಂಡ ಹೇಳುತ್ತಾರೆ. ಹೇಳಲಿ. ಅವರದು ತಣ್ಣನೆಯ ಜೀವ. ಸ್ಕೂಲ್ ವ್ಯಾನ್ ಓಡಿಸುವವರು, ಹಿಂದೆ ಇಪ್ಪತ್ತು ಮಕ್ಕಳು ಒಟ್ಟಿಗೆ ಕಿರುಚಿದರೂ ತಿರುಗಿ ಗದರುವವರಲ್ಲ. ನನ್ನದು ಹಾಗಲ್ಲ. ನನಗೆ ಸಿಟ್ಟು ಬಂದರೆ ಅದು ಬಾಡಿಗೆಗೆ ಬಂದವರ ಹಾಗೆ ಬಂದು ಹೋಗುವುದಿಲ್ಲ, ಸ್ವಂತ ಮನೆ ಕಟ್ಟಿಕೊಂಡು ಕೂರುತ್ತದೆ.

ಮೈಸೂರಿನ ಮೇಟಗಳ್ಳಿಯ ಒಂದು ಶೆಡ್ಡಿನಲ್ಲಿ ನನ್ನ ಕೆಲಸವಿತ್ತು. ಅಲ್ಲಿ ಹಾರುವ ಟವರ್ ಮಾಡುತ್ತಿದ್ದೆವು. ಮೊಬೈಲ್ ಟವರಿನ ತುದಿಯಲ್ಲಿ ಪೆಟ್ಟಿಗೆಗಳಿರುತ್ತವಲ್ಲ, ಅಂಥದನ್ನೇ ಚಿಕ್ಕದಾಗಿ ಮಾಡಿ ಡ್ರೋನಿನ ಹೊಟ್ಟೆಗೆ ಬಿಗಿದು ಮೇಲೆ ನಿಲ್ಲಿಸುವುದು. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗಿ ಬಂದವರಿಗೆ ಇದು ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ಜನ ಒಂದೇ ಕಡೆ ಸೇರಿದರೆ ಕೈಯಲ್ಲಿರುವ ಫೋನು ಇದ್ದೂ ಇಲ್ಲದ ಹಾಗೆ. ಕ್ಯೂನಲ್ಲಿ ಕೈತಪ್ಪಿದ ಅತ್ತೆಯನ್ನು ಹುಡುಕಲು ಮೈಕಿನವನ ಮುಂದೆ ಹೋಗಿ ನಿಲ್ಲಬೇಕು. ಅಂಥ ದಿನ ನಮ್ಮ ಡ್ರೋನು ಜನರ ತಲೆಯ ಮೇಲಲ್ಲ, ಪಕ್ಕದ ಖಾಲಿ ಜಾಗದ ಮೇಲೆ ಬೆಳಗಿನಿಂದ ಸಂಜೆಯವರೆಗೆ ನಿಂತು ಸಿಗ್ನಲ್ ಕೊಡಬೇಕು. ಬ್ಯಾಟರಿ ನಂಬಿದರೆ ಅರ್ಧ ಗಂಟೆಗೆ ಇಳಿಸಬೇಕಾಗುತ್ತದೆ. ಅದಕ್ಕೇ ನೆಲದಿಂದ ಒಂದು ಸಣ್ಣ ಕೇಬಲ್ ಕಟ್ಟಿ, ಅದರಲ್ಲೇ ಕರೆಂಟು ಹರಿಸಿ, ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಅದನ್ನು ಮೇಲೆ ಬಿಟ್ಟಿರುವುದು.

ಆ ಕೇಬಲ್ಲೇ ಎಲ್ಲರ ತಲೆ ತಿಂದಿದ್ದು. ಗಾಳಿ ಬೀಸಿದಾಗ ಡ್ರೋನು ಆಚೀಚೆ ಹೋಗುತ್ತದೆ. ಬಿಗಿಯಾಗಿ ಹಿಡಿದರೆ ಕೇಬಲ್ ಡ್ರೋನನ್ನೇ ಕೆಳಗೆ ಜಗ್ಗುತ್ತದೆ, ಸಡಿಲ ಬಿಟ್ಟರೆ ಜೋತು ಬಿದ್ದು ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ನಮ್ಮ ಮಾಲೀಕ ದೊಡ್ಡ ಕಾಲೇಜಿನಲ್ಲಿ ಓದಿದ ಎಂಜಿನಿಯರ್, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು. ಆರು ತಿಂಗಳು ಅವನು ಕಂಪ್ಯೂಟರಿನಲ್ಲಿ ಏನೇನೋ ಲೆಕ್ಕ ಹಾಕಿದ. ನನ್ನನ್ನು ಅಲ್ಲಿ ಇಟ್ಟುಕೊಂಡಿದ್ದದ್ದು ಮೋಟರಿಗೆ ತಂತಿ ಸುತ್ತಲು. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ನಾನು ರೇಷ್ಮೆ ನೂಲು ಸುತ್ತುವ ಒಂದು ಕಾರ್ಖಾನೆಯಲ್ಲಿದ್ದೆ. ರೇಷ್ಮೆ ಎಳೆಯೂ ಇದೇ ಜಾತಿ: ಬಿಗಿದರೆ ತುಂಡಾಗುತ್ತದೆ, ಬಿಟ್ಟರೆ ಗಂಟಾಗುತ್ತದೆ. ಅಲ್ಲಿ ಎಳೆ ಹಾದುಹೋಗುವ ದಾರಿಯಲ್ಲಿ ಸ್ಪ್ರಿಂಗ್ ಹಾಕಿದ ಒಂದು ಕೋಲಿರುತ್ತಿತ್ತು. ಎಳೆ ಸಡಿಲವಾದರೆ ಕೋಲು ಏಳುತ್ತದೆ, ಬಿಗಿಯಾದರೆ ಬಾಗುತ್ತದೆ, ಅದಕ್ಕೆ ತಕ್ಕಂತೆ ರಾಟೆ ತಿರುಗುತ್ತದೆ. ನಾವು ಹೆಂಗಸರು ಅದನ್ನು ಕುಣಿಯುವ ಕೋಲು ಎನ್ನುತ್ತಿದ್ದೆವು.

ಒಂದು ಶನಿವಾರ ಊಟದ ಡಬ್ಬಿ ಪಕ್ಕಕ್ಕಿಟ್ಟು, ಹಳೆಯ ಸ್ಟೂಲಿನ ಕಾಲು, ಬಾಗಿಲಿನ ಸ್ಪ್ರಿಂಗು, ಎರಡು ಗಾಲಿ ಇಟ್ಟುಕೊಂಡು ಕೇಬಲ್ ಸುತ್ತುವ ಒಂದು ರಾಟೆಯನ್ನೂ ಅದಕ್ಕೆ ಆ ಕೋಲನ್ನೂ ಮಾಡಿದೆ. ಸರಿ ಹೋಗಲು ಮೂರು ವಾರ ಬೇಕಾಯಿತು. ಸರಿ ಹೋದ ದಿನ ಮಾಲೀಕ ರಾಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೋಲು ಏಳುವುದನ್ನೂ ಬಾಗುವುದನ್ನೂ ನೋಡಿದ.

“ಹೆಂಗಕ್ಕ ಮಾಡಿದ್ರಿ ಇದನ್ನ? ಆರು ತಿಂಗಳಿಂದ ಒದ್ದಾಡ್ತಿದ್ದೀನಿ ಕಣ್ರೀ ನಾನು.”

“ನೂಲಿಗೆ ಮಾಡೋದನ್ನೇ ಕೇಬಲ್ಲಿಗೆ ಮಾಡಿದೆ ಸಾರ್.”

ಅವತ್ತು ಅವನು ನನ್ನನ್ನು ಅಕ್ಕ ಅಂದದ್ದು ನಿಜವಾಗಿ ಅಕ್ಕ ಅಂದ ಹಾಗೇ ಇತ್ತು. ಅದನ್ನು ಇಲ್ಲ ಅನ್ನುವುದಿಲ್ಲ.

ಮೊದಲ ಸಲ ಪೂರ್ತಿ ಮೇಲೇರಿಸಿದ್ದು ಬೆಟ್ಟದ ಹಿಂಬದಿಯ ಒಂದು ತಗ್ಗಿನಲ್ಲಿ, ಅಲ್ಲಿ ಯಾವ ಕಂಪನಿಯ ಸಿಗ್ನಲ್ಲೂ ಬರುವುದಿಲ್ಲ. ಡ್ರೋನು ಹಾರಿಸುತ್ತಿದ್ದವಳು ವಿದ್ಯಾರಣ್ಯಪುರಂನ ಹುಡುಗಿ, ಎಂಜಿನಿಯರಿಂಗ್ ಮುಗಿಸಿ ಲೈಸೆನ್ಸ್ ತೆಗೆದುಕೊಂಡವಳು. ಡ್ರೋನು ಮೇಲೆ ನಿಂತಿತು, ನನ್ನ ರಾಟೆ ಕೇಬಲನ್ನು ಬಿಡುತ್ತ ಎಳೆದುಕೊಳ್ಳುತ್ತ ತನ್ನ ಪಾಡಿಗೆ ತಾನು ತಿರುಗಿತು, ನನ್ನ ಫೋನಿನಲ್ಲಿ ಕಡ್ಡಿಗಳು ಒಂದೊಂದಾಗಿ ಎದ್ದವು. ಹಿನಕಲ್‌ನಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ. ಊಟ ಆಯ್ತಾ ಅಂದೆ. ಆಯ್ತು, ಸಾರು ಉಪ್ಪಾಗಿತ್ತು ಅಂದರು. ನನಗೆ ಕಣ್ಣಲ್ಲಿ ನೀರು ಬಂತು.

ಆಮೇಲೆ ರಾಟೆಯ ಪೆಟ್ಟಿಗೆಗೆ ಒಂದು ಸ್ಟೀಲ್ ಫಲಕ ಬಂತು. ಅದರ ಮೇಲೆ ರಾಟೆಯ ವಿನ್ಯಾಸ ಎಂದು ಕೊರೆದು, ಕೆಳಗೆ ಒಂದು ಹೆಸರು. ಅವನದು. ಒಂದೇ.

ಹೋಗಿ ಕೇಳಿದೆ. ನಾನು ಕೇಳದೆ ಬಿಡುವವಳಲ್ಲ.

“ಸಾರ್, ಇದರ ಮೇಲೆ ನನ್ನ ಹೆಸರೂ ಹಾಕ್ಸಿ.”

“ಅಯ್ಯೋ, ಹೆಸರು ತಗೊಂಡು ಏನ್ ಮಾಡ್ತೀರಕ್ಕ? ನಾಳೆ ಅಧಿಕಾರಿಗಳು ಪ್ರಶ್ನೆ ಕೇಳಿದ್ರೆ ಇಂಗ್ಲಿಷಲ್ಲಿ ಉತ್ತರ ಹೇಳ್ತೀರಾ?”

“ರಾಟೆ ಹೇಳುತ್ತೆ.”

ಅವನು ನಕ್ಕ. ಮೂಗಿಗೆ ತುಪ್ಪ ಸವರಲು ಮುಂದಿನ ಸಲ ನೋಡೋಣ ಅಂದ. ಮುಂದಿನ ಸಲ ಬಂದದ್ದು ಪತ್ರಿಕೆಯಲ್ಲಿ. ರಾಟೆಯ ಮೇಲೆ ಕೈಯಿಟ್ಟು ನಿಂತ ಅವನ ಫೋಟೊ, ಪಕ್ಕದಲ್ಲಿ ನಿಂತಿದ್ದ ನನ್ನನ್ನು ಕತ್ತರಿಸಿ, ಬಳೆ ತೊಟ್ಟ ಒಂದು ಮೊಣಕೈ ಮಾತ್ರ ಉಳಿಸಿದ್ದರು. ಅದೇ ವಾರ ಯಾರೋ ದೊಡ್ಡವರು ಶೆಡ್ಡಿಗೆ ಬಂದು ಈ ಅಮ್ಮ ಯಾರು ಅಂದಾಗ, ನಾನು ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ, “ಹೆಲ್ಪರ್ ಸಾರ್, ದಾರ ಸುತ್ತೋಕೆ” ಅಂದ. ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಅವನದು. ಬೇರೆ ಏನನ್ನೂ ನಾನು ಕೇಳಿರಲಿಲ್ಲ. ಆ ಫಲಕದ ಮೇಲೆ ಒಂದು ಸಾಲು ಕೇಳಿದ್ದೆ, ಅಷ್ಟೇ.

ಆಯುಧಪೂಜೆ ಬಂತು. ಮೈಸೂರಿನಲ್ಲಿ ಆ ದಿನ ಪೂಜೆಯಿಲ್ಲದೆ ಉಳಿಯುವ ಸ್ಪ್ಯಾನರೂ ಇಲ್ಲ. ಶೆಡ್ಡು ತೊಳೆದೆವು, ಬಾಳೆಕಂದು ಕಟ್ಟಿದೆವು, ಲೇತಿಗೆ, ಡ್ರಿಲ್ಲಿಗೆ, ಕಂಪ್ಯೂಟರಿಗೆ ಸೇವಂತಿಗೆ ಹಾಕಿದೆವು. ಡ್ರೋನಿಗೆ ಚಕ್ರವಿಲ್ಲವಲ್ಲ, ಅದರ ನಾಲ್ಕು ಕಾಲುಗಳ ಕೆಳಗೇ ನಿಂಬೆಹಣ್ಣಿಟ್ಟೆವು. ಪ್ರತಿ ವರ್ಷ ಯಂತ್ರಗಳಿಗೆ ಗಂಧ ಕುಂಕುಮ ಇಡುತ್ತಿದ್ದವಳು ನಾನು. ಡ್ರೋನಿಗೆ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎನ್ನುವುದು ನನಗೆ ಗೊತ್ತಿತ್ತು. ಅದರ ಮುಂಭಾಗದ ನಡುವೆ, ಮನುಷ್ಯನಾಗಿದ್ದರೆ ಹಣೆ ಎನ್ನಬಹುದಾದ ಜಾಗದಲ್ಲಿ, ಸಾಸಿವೆ ಕಾಳಿನಷ್ಟು ಒಂದು ತೂತಿದೆ. ಅದು ಗಾಳಿಯ ಒತ್ತಡ ತಿಳಿಯುವ ತೂತು. ಮೇಲೆ ಹೋದಷ್ಟೂ ಒತ್ತಡ ಇಳಿಯುತ್ತದೆ. ಅದನ್ನು ನೋಡಿಕೊಂಡೇ ಡ್ರೋನು ತಾನು ಎಷ್ಟು ಎತ್ತರದಲ್ಲಿದ್ದೇನೆ ಎಂದು ತಿಳಿಯುವುದು.

ಆ ವರ್ಷ ಮಾಲೀಕ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡ. “ಇವತ್ತು ನಾನೇ ಇಡ್ತೀನಿ ಅಕ್ಕ, ಫೋಟೊ ತೆಗೀತಾರೆ.” ಗಟ್ಟಿಯಾಗಿ ತೇಯ್ದ ಗಂಧವನ್ನು ಹೆಬ್ಬೆರಳಿನ ತುಂಬ ತೆಗೆದುಕೊಂಡು ಸರಿಯಾಗಿ ಆ ತೂತಿನ ಮೇಲೆ ಇಟ್ಟು ಒತ್ತಿದ. ಅದರ ಮೇಲೆ ಕುಂಕುಮ ಇಟ್ಟು ಇನ್ನೊಮ್ಮೆ ಒತ್ತಿದ. ಫೋಟೊದವನು ಇನ್ನೊಂದ್ಸಲ ಸಾರ್ ಅಂದ, ಮತ್ತೆ ಒತ್ತಿದ.

ನಾನು ಆರತಿ ತಟ್ಟೆ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಲ್ಲಿ ಬೇಡ ಸಾರ್ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಮಾತು ನಾಲಿಗೆಯ ತುದಿಗೆ ಬಂತು. ಹೆಲ್ಪರಿಗೆ ಏನು ಗೊತ್ತಿರುತ್ತದೆ, ಅಂದುಕೊಂಡು ನುಂಗಿದೆ. ಆಮೇಲೆ ಕುಂಬಳಕಾಯಿ ಒಡೆದರು, ಪುರಿ ಕಡಲೆ ಹಂಚಿದರು, ನಾನೂ ತಿಂದೆ. ರುಚಿಯಾಗಿಯೇ ಇತ್ತು.

ವಿಜಯದಶಮಿಯ ಮಾರನೇ ದಿನ ಅಧಿಕಾರಿಗಳ ಮುಂದೆ ಪರೀಕ್ಷೆ ಇತ್ತು. ಪಾಸಾದರೆ ಬೆಟ್ಟದ ಕೆಲಸ ನಮ್ಮ ಶೆಡ್ಡಿಗೆ. ಅವನು ಮೂರು ವರ್ಷದಿಂದ ಅದಕ್ಕೇ ಕಾದಿದ್ದ. ಪೂಜೆಯ ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು ವ್ಯಾನಿಗೆ ಕಟ್ಟಿದ್ದ ಹಾರ ಸರಿಮಾಡುತ್ತಿದ್ದರು.

“ಓಗಿ ಒರ್ಸ್‌ಬುಡು ಅಂತ ಒಂದ್ ಫೋನ್ ಮಾಡೇ.”

“ಮಾಡಲ್ಲ.”

“ಅವ್ನ್ ಮೇಲಿನ್ ಸಿಟ್ಟಿಗೆ ಆ ಮಿಸೀನ್ ಏನ್ ಮಾಡ್ತು?”

“ರೀ, ಅವನು ನನ್ನ ಮೊಣಕೈ ಒಂದನ್ನೇ ಪೇಪರಿನಲ್ಲಿ ಹಾಕಿಸಿದಾನೆ.”

“ಅಂಗಂತ ಬೀಳಿಸ್ತೀಯಾ?”

“ನಾನೆಲ್ಲಿ ಬೀಳಿಸ್ತೀನಿ? ಅವನೇ ಒತ್ತಿದ್ದು. ಮಾಡಿದ್ದುಣ್ಣೋ ಮಹರಾಯ.”

ಅವರು ಮತ್ತೆ ಹಾರದ ಕಡೆ ತಿರುಗಿದರು. ಮಾರನೇ ದಿನ ಎಲ್ಲ ಬನ್ನಿ ಕೊಟ್ಟು ಬಂಗಾರದ ಹಾಗಿರೋಣ ಅಂದರು, ನಾನೂ ಅಂದೆ. ಮನಸ್ಸಿನಲ್ಲಿ ಆ ಗಂಧ ಒಣಗಿ ಗಟ್ಟಿಯಾಗುತ್ತಿರುವುದನ್ನೇ ನೆನೆಯುತ್ತಿದ್ದೆ. ಅದನ್ನು ಯಾರೂ ಒರೆಸುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ನಮ್ಮಲ್ಲಿ ಹಬ್ಬದ ಕುಂಕುಮವನ್ನು ಗಾಡಿಯಿಂದ ಯಾರು ಒರೆಸುತ್ತಾರೆ? ಮಳೆ ತೊಳೆದರೆ ಉಂಟು.

ಪರೀಕ್ಷೆಯ ಬೆಳಿಗ್ಗೆ ಬೆಟ್ಟದ ತಪ್ಪಲಿನ ಖಾಲಿ ಜಾಗಕ್ಕೆ ಹಗ್ಗ ಕಟ್ಟಿ, ಒಳಗೆ ಯಾರೂ ಬರದಂತೆ ಮಾಡಿದ್ದರು. ಜನರಿಗೆ ಏನಾದರೂ ಆಗಬಹುದಿತ್ತು ಎಂದಾಗಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ, ಬಿಡುತ್ತಿದ್ದೆ ಅಂದುಕೊಂಡಿದ್ದೇನೆ. ಹುಡುಗಿ ಬಟ್ಟೆ ತೆಗೆದುಕೊಂಡು ಡ್ರೋನು ಒರೆಸಲು ಹೋದಳು. “ಬೊಟ್ಟು ಅಳಿಸ್ಬೇಡ, ಇರ್ಲಿ, ಶುಭ” ಅಂದ ಮಾಲೀಕ. ನೆಲದ ಮೇಲೆ ಎಲ್ಲ ಸರಿಯಾಗಿಯೇ ತೋರಿಸಿತು. ಅಧಿಕಾರಿ ಕನ್ನಡಕ ಹಣೆಗೇರಿಸಿ ಮೇಲೆ ನೋಡಿದರು.

ಡ್ರೋನು ಎದ್ದಿತು. ತೂತು ಪೂರ್ತಿ ಮುಚ್ಚಿರಲಿಲ್ಲ, ಒಣಗಿದ ಗಂಧದ ಬಿರುಕಿನಲ್ಲಿ ಗಾಳಿ ತಡವಾಗಿ ಒಳಗೆ ಹೋಗಿ ಬರುತ್ತಿತ್ತು. ಹಾಗಾಗಿ ಎತ್ತರವೂ ಅದಕ್ಕೆ ತಡವಾಗಿ ತಿಳಿಯುತ್ತಿತ್ತು. ನಿಲ್ಲಬೇಕಾದ ಎತ್ತರ ದಾಟಿ ಮೇಲೆ ಹೋಯಿತು. ಹೆಚ್ಚಾಯಿತು ಎಂದು ತಿಳಿದಾಗ ಧಡಕ್ಕನೆ ಇಳಿಯಿತು, ಇಳಿದದ್ದು ಅತಿಯಾಯಿತು ಎಂದು ತಿಳಿದಾಗ ಮತ್ತೆ ಚಿಮ್ಮಿತು. ನನ್ನ ರಾಟೆ ಒದ್ದಾಡಿತು. ಕುಣಿಯುವ ಕೋಲು ಪಟಪಟ ಬಡಿದುಕೊಂಡಿತು. ಎರಡು ಸಲ ಸಡಿಲವಾದ ಕೇಬಲನ್ನು ಅದು ಎಳೆದುಕೊಂಡು ಡ್ರೋನನ್ನು ಉಳಿಸಿತು, ನಾನು ಕಣ್ಣಾರೆ ನೋಡಿದೆ. ಮೂರನೆಯ ಸಲ ಡ್ರೋನು ಬಾವಿಗೆ ಕಲ್ಲು ಬಿದ್ದ ಹಾಗೆ ಇಳಿಯಿತು. ಅಷ್ಟು ಬೇಗ ಯಾವ ರಾಟೆಯೂ ಸುತ್ತಲಾರದು. ಜೋತ ಕೇಬಲ್ ರೆಕ್ಕೆಗೆ ಸಿಕ್ಕಿತು, ಡ್ರೋನು ಮಗುಚಿ ನೆಲಕ್ಕೆ ಬಡಿಯಿತು.

ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ? ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡದ್ದನ್ನು ನೋಡಿ ಎದೆ ತಂಪಾಯಿತು. ಹುಡುಗಿ ರಿಮೋಟು ಹಿಡಿದೇ ಅಳುತ್ತಿದ್ದಳು, ಅದೊಂದು ಮಾತ್ರ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಅಧಿಕಾರಿ ಹತ್ತಿರ ಬಂದು ಕೇಬಲ್ ಸುತ್ತಿಕೊಂಡ ರೆಕ್ಕೆಗಳನ್ನು ನೋಡಿದರು.

“ಕೇಬಲ್ ಸಡಿಲ ಆಗಿದೆಯಲ್ರೀ. ಈ ರಾಟೆ ಸರಿಯಾಗಿ ಎಳ್ಕೊಂಡಿಲ್ಲ. ಇದರ ವಿನ್ಯಾಸ ಯಾರದು?”

ನಾನು ಆ ಸ್ಟೀಲ್ ಫಲಕದ ಕಡೆ ನೋಡಿದೆ. ಅವನೂ ನೋಡಿದ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಫಲಕಕ್ಕೆ ಕಾಲು ಅಡ್ಡ ಕೊಟ್ಟು ನಿಂತ.

“ಇವರದು ಸಾರ್,” ಅಂದ. ನನ್ನ ಕಡೆ ಕೈ ತೋರಿಸಿದ. “ಪೂರ್ತಿ ಇವರೇ ಮಾಡಿದ್ದು. ನಾನು ಬೇಡ ಅಂದೆ, ಹಳೇ ನೂಲಿನ ಕಾರ್ಖಾನೆ ಐಡಿಯಾ ಅದು, ಕೇಳ್ಲಿಲ್ಲ.” ಆಮೇಲೆ ನನ್ನ ಹೆಸರು ಹೇಳಿದ. ಶ್ರೀಮತಿ ಅಂದ, ನನ್ನ ಅಪ್ಪನ ಹೆಸರಿನ ಮೊದಲ ಅಕ್ಷರ ಹೇಳಿದ, ನನ್ನ ಹೆಸರು ಹೇಳಿದ, ಬರೆದುಕೊಳ್ಳುವವರಿಗೆ ಸುಲಭವಾಗಲಿ ಎಂದು ಬಿಡಿಸಿ ಇನ್ನೊಮ್ಮೆ ಹೇಳಿದ. ನನ್ನ ಪೂರ್ತಿ ಹೆಸರು ಅವನಿಗೆ ಗೊತ್ತಿದೆ ಎಂದು ನನಗೆ ತಿಳಿದದ್ದು ಅವತ್ತೇ. ಮೂರು ವರ್ಷದಲ್ಲಿ ಒಮ್ಮೆಯೂ ಅವನ ಬಾಯಲ್ಲಿ ಬಾರದ್ದು ಅಂದು ಎರಡು ಸಲ ಬಂತು.

ಅಧಿಕಾರಿ ಬರೆದುಕೊಂಡರು. ನನಗೆ ಬೇಕಾಗಿದ್ದ ಸಾಲು ಅದು. ರಾಟೆ, ಅದರ ಮುಂದೆ ನನ್ನ ಹೆಸರು, ಸರ್ಕಾರದ ಕಾಗದದ ಮೇಲೆ. ಕೆಟ್ಟ ರಾಟೆ ಎಂದು.

ಬಾಯಿ ಮುಚ್ಚಿಕೊಂಡಿದ್ದರೆ ಅವನ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೆಲಸ ಸಿಗುತ್ತಿರಲಿಲ್ಲ, ಶೆಡ್ಡಿನ ಬಾಗಿಲು ಎಳೆಯಬೇಕಾಗುತ್ತಿತ್ತು. ನಾನು ಎರಡು ದಿನ ಕಾದದ್ದು ಅದಕ್ಕೇ. ನನ್ನ ಹೆಸರಿಗೆ ಸ್ವಲ್ಪ ಮಸಿ ಮೆತ್ತುತ್ತಿತ್ತು, ಅಷ್ಟೇ. ಹೆಲ್ಪರಿಗೆ ಮಸಿಯೇನು ಹೊಸದೇ? ಆದರೆ ಅಧಿಕಾರಿ ಬೂಟಿನ ತುದಿಯಿಂದ ಕುಣಿಯುವ ಕೋಲನ್ನು ತಟ್ಟಿ ಬಾಗಿಸಿ, “ಇಂಥ ತಗಡು ಕೆಲಸಕ್ಕೆಲ್ಲ” ಎಂದು ಏನೋ ಅನ್ನುತ್ತಿದ್ದರು. ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದ ಆಗಲಿಲ್ಲ.

“ಸಾರ್, ಕಾಲು ತೆಗೀರಿ. ರಾಟೆ ಸರಿಯಾಗಿದೆ.”

ಬಿದ್ದಿದ್ದ ಡ್ರೋನಿನ ಹತ್ತಿರ ಹೋಗಿ ಕೂತು, ಸೆರಗಿನ ಪಿನ್ನು ತೆಗೆದು, ಕುಂಕುಮದ ಹೆಪ್ಪು ಎಬ್ಬಿಸಿದೆ. ತೂತಿನೊಳಗಿಂದ ಗಂಧ ಸಣ್ಣ ಮೊಳೆಯ ಹಾಗೆ ಹೊರಬಂತು. ಅಂಗೈಯಲ್ಲಿಟ್ಟು ತೋರಿಸಿದೆ. ಹುಡುಗಿ ಅಳು ನಿಲ್ಲಿಸಿ ಓಡಿ ಬಂದಳು. ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ಲ್ಯಾಪ್‌ಟಾಪ್ ತೆಗೆದು ಎತ್ತರದ ಗೆರೆ ಹೇಗೆ ತಡವಾಗಿ ಬಂದಿದೆ ಎಂದು ಅಧಿಕಾರಿಗೆ ತೋರಿಸಿದಳು. ಅವರು ಪೂರ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮಗೆ ಹೇಗೆ ಗೊತ್ತಾಯ್ತಮ್ಮ ಇದು?”

ಈಗ ನೋಡಿದೆ ಸಾರ್ ಎನ್ನಬಹುದಿತ್ತು. ಎಷ್ಟು ಸುಲಭದ ಸುಳ್ಳು. ಆದರೆ ಅದನ್ನು ಹೇಳಿದರೆ ಅವನು ನನ್ನ ಸೇಡಿಗೆ ಬಿದ್ದದ್ದಲ್ಲ, ಬರೀ ತನ್ನ ತಪ್ಪಿಗೆ ಬಿದ್ದ ಹಾಗಾಗುತ್ತಿತ್ತು. ಅವನಿಗೆ ಗೊತ್ತಾಗಬೇಕಿತ್ತು.

“ಪೂಜೆ ದಿನಾನೇ ನೋಡಿದ್ದೆ. ಇವರು ಒತ್ತಿದಾಗ ಪಕ್ಕದಲ್ಲೇ ಇದ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಬೀಳ್ಲಿ ಅಂತ.”

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನಿಗೆ ಸಿಟ್ಟು ಬಂದಿರಲಿಲ್ಲ. ಲೆಕ್ಕ ಹಾಕುತ್ತಿದ್ದ. ಯಂತ್ರ ಸರಿ, ರಾಟೆ ಸರಿ, ತಪ್ಪು ಒಂದು ಬೊಟ್ಟಿನದು. ಉಸಿರು ಮೆಲ್ಲಗೆ ಅವನ ಮೂಗಿಗೆ ವಾಪಸು ಬರುವುದು ನನಗೆ ಕಂಡಿತು.

ಅಧಿಕಾರಿ ಮೊದಲು ಬರೆದ ಸಾಲು ಹೊಡೆದು ಹಾಕಿದರು. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಎಂದು ಬರೆದರು. ನನ್ನನ್ನು ಯಂತ್ರದ ಹತ್ತಿರ ಬಿಡಕೂಡದು ಎಂದೂ ಬರೆದರು, ಅದು ನ್ಯಾಯವೇ. ವರದಿಯನ್ನು ಆಮೇಲೆ ಹುಡುಗಿ ನನಗೆ ತೋರಿಸಿದಳು. ರಾಟೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ವಿನ್ಯಾಸ ಎಂದು ಬರೆದು, ಯಂತ್ರದ ಮೇಲಿದ್ದದ್ದೇ ದಾಖಲೆ ಎಂದು ಫಲಕದಲ್ಲಿದ್ದ ಹೆಸರನ್ನೇ ಹಾಕಿದ್ದರು. ನನ್ನ ಹೆಸರು ಇನ್ನೊಂದು ಪುಟದಲ್ಲಿತ್ತು, ದೋಷ ತಿಳಿದೂ ಮುಚ್ಚಿಟ್ಟವರು ಎನ್ನುವುದರ ಮುಂದೆ. ಅಪ್ಪನ ಮೊದಲ ಅಕ್ಷರ ಸಮೇತ, ಒಂದು ಒತ್ತೂ ತಪ್ಪಿಲ್ಲದೆ.

ಎರಡನೇ ಪರೀಕ್ಷೆ ಪಾಸಾಯಿತು. ಬೆಟ್ಟದ ಕೆಲಸ ಅವನಿಗೇ ಸಿಕ್ಕಿತು. ಸಿಕ್ಕ ದಿನ ಹುಡುಗಿ ಹಿನಕಲ್ಲಿನ ನಮ್ಮ ಮನೆಗೆ ಒಂದು ಡಬ್ಬ ಮೈಸೂರು ಪಾಕು ತಂದಳು.

“ಸಾರ್ ಕಳ್ಸಿದ್ರು ಆಂಟಿ. ಅವತ್ತು ನೀವು ಬಾಯಿ ಬಿಡದೆ ಇದ್ದಿದ್ರೆ ಈ ಆರ್ಡರೇ ಬರ್ತಿರ್ಲಿಲ್ಲವಂತೆ. ಥ್ಯಾಂಕ್ಸ್ ಹೇಳು ಅಂದ್ರು.”

“ಫಲಕ?”

“ಹಂಗೇ ಇದೆ ಆಂಟಿ” ಅಂದಳು. ಅವಳ ತಪ್ಪೇನಿದೆ? ಕಾಫಿ ಕೊಟ್ಟು ಕಳಿಸಿದೆ.

ಗಂಡ ಹೇಳುವ ಪಶ್ಚಾತ್ತಾಪ ನನಗಿಲ್ಲ, ನಿಜ. ಇರುವುದು ಬೇರೆ. ಬೀಳಿಸಿದ್ದಕ್ಕಲ್ಲ, ಬಿದ್ದವನನ್ನು ಎತ್ತಿ ನಿಲ್ಲಿಸಿದವಳೂ ನಾನೇ ಎನ್ನುವುದಕ್ಕೆ. ರಾಟೆಯ ಮಾನ ಕಾಯಲು ಹೋಗಿ ಅವನ ಶೆಡ್ಡು ಕಾದೆ. ಆಷಾಢದಲ್ಲಿ ಡ್ರೋನು ಬೆಟ್ಟದ ಪಕ್ಕ ದಿನವೆಲ್ಲ ನಿಂತಿತಂತೆ, ಯಾರ ಫೋನೂ ಸಾಯಲಿಲ್ಲವಂತೆ. ಪತ್ರಿಕೆಯಲ್ಲಿ ಮತ್ತೆ ಅವನ ಫೋಟೊ ಬಂತು, ಕೆಳಗೆ ಹೆಸರು ದಪ್ಪ ಅಕ್ಷರದಲ್ಲಿ.

ಹೆಸರೆಂದರೆ ಅವನಿಗೆ ಪ್ರಾಣ. ಒಬ್ಬರು ಅವನ ಬಗ್ಗೆ ನಾಲ್ಕು ಸಾಲು ಬರೆದರೂ ತರಿಸಿ, ತನ್ನ ಹೆಸರಿರುವ ಜಾಗಕ್ಕೆ ಗುರುತು ಮಾಡಿ ಇಡುತ್ತಾನೆ. ಇದನ್ನೂ ತರಿಸುತ್ತಾನೆ, ನನಗೆ ಗೊತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಹುಡುಕುತ್ತಾನೆ. ಹುಡುಕಲಿ.